ಚಿತ್ರ ೪ ನೋಡಿ

ಕೋಡಿಬಾಗದ ರಸ್ತೆ ಮಗ್ಗುಲಲ್ಲಿ ನನ್ನ ಅಂಗಡಿ.
ಲಗ್ನಪತ್ರಿಕೆ, ರಬ್ಬರ್ ಸ್ಟ್ಯಾಂಪ್, ಲ್ಯಾಮಿನೇಶನ್,
ಈ ವರ್ಷ ಒಂದು ಪುಸ್ತಕವೂ:
ಕಾಳಿ ಅಳಿವೆಯ ಚಿಪ್ಪುಜೀವಿಗಳು.
ಬರೆದವರು ಕುರ್ಡೇಕರ್ ಮಾಸ್ತರು,
ನಿವೃತ್ತಿಯಾಗಿ ಹನ್ನೊಂದು ವರ್ಷ, ಇನ್ನೂ ಇನ್‌ಶರ್ಟ್.

ಮಾತು ಎಲ್ಲಿ ಮುಗಿಯಿತೋ ಚಿತ್ರ ಅಲ್ಲೇ ಕೂರಬೇಕು,
ಇದು ಅವರ ಹಟ.
ನಾನು ಬರೆಯುತ್ತೇನೆ: ಇಲ್ಲಿ.
ಯಂತ್ರ ಓದಿಕೊಳ್ಳುತ್ತದೆ: ಆದರೆ ಇಲ್ಲಿ.
ನಾನು ಒತ್ತಿ ಬರೆಯುತ್ತೇನೆ: ಇಲ್ಲೇ.
ಪುಟದ ಬುಡದಲ್ಲಿ ಮೂರು ಬೆರಳು ಜಾಗ,
ಚಿತ್ರಕ್ಕೆ ಬೇಕು ನಾಲ್ಕು.
ಅದು ಎದ್ದು ಮುಂದಿನ ಪುಟದ ನೆತ್ತಿಗೆ ಹೋಗುತ್ತದೆ,
ಬಿಟ್ಟ ಜಾಗ ಬೆಳ್ಳಗೆ,
ಇಳಿತದ ಹೊತ್ತಿನ ಮಳಲು.

ಇನ್ನೊಂದು ಕಾನೂನಿದೆ, ಮಾಸ್ತರಿಗೆ ಹೇಳಿದೆ:
ಹಿಂದಿರುವ ನಂಬರು ಮುಂದಿರುವುದನ್ನು ದಾಟುವಂತಿಲ್ಲ.
ಒಂಬತ್ತನೆಯದು ದೊಡ್ಡ ನಕಾಶೆ, ಎಲ್ಲೂ ಹಿಡಿಸದೆ ನಿಂತರೆ
ಹತ್ತು, ಹನ್ನೊಂದು, ಹನ್ನೆರಡು, ಎಷ್ಟೇ ಸಣ್ಣವಿರಲಿ,
ಅದರ ಬೆನ್ನಿಗೇ ನಿಲ್ಲಬೇಕು.
ಕೊನೆಗೆ ಅಧ್ಯಾಯದ ಬಾಲದಲ್ಲಿ
ಎಲ್ಲ ಒಟ್ಟಿಗೆ ಬಂದು ಬೀಳುತ್ತವೆ.
ಮಾಸ್ತರು ಕನ್ನಡಕ ತೆಗೆದು ಒರೆಸಿದರು.
"ಅಳಿವೆ ಬಾಯಲ್ಲಿ ದೊಡ್ಡ ಬೋಟು ಮರಳು ಹತ್ತಿದರೆ
ಹಿಂದಿನ ದೋಣಿಗಳದ್ದೂ ಇದೇ ಪಾಡು" ಅಂದರು.
ಖುಷಿಯಾದಂತೆ ಕಂಡಿತು.
"ಆದರೂ ಸರಿಮಾಡಿ."

ನಾಲ್ಕನೆಯದು ಮಾತ್ರ ಹೇಳಿದಲ್ಲೇ ಕೂತಿತ್ತು.
ಒಂದು ಬಳಚು, ಜೋಡಿ ಚಿಪ್ಪು ತೆರೆದದ್ದು.
ಅಡಿಬರಹ: ಅಳತೆಗಾಗಿ ಅಂಗೈ.
ಯಾರದೆಂದು ಬರೆದಿಲ್ಲ.
ಹೆಬ್ಬೆರಳ ಬುಡದಲ್ಲಿ ಅಡ್ಡ ಗಾಯದ ಗುರುತು,
ಕತ್ತಿ ಜಾರಿದ ವರ್ಷ ನಾನು ಆರನೇ ಇಯತ್ತೆ.
ದೊಡ್ಡದು ಮಾಡಿದೆ, ಇನ್ನೂರು, ನಾನೂರು ಪರ್ಸೆಂಟ್.
ಅವ್ವಿ.

ಬುದವಂತಿ ಅಂದರೆ ಮೀನುಪೇಟೆಯಲ್ಲಿ ಎಲ್ಲರಿಗೂ ಗೊತ್ತು.
ಬಳಚು ಎಣಿಸುವಾಗ ಅವಳು ಒಂದು ಅನ್ನುವುದಿಲ್ಲ,
ಲಾಭ ಅನ್ನುತ್ತಾಳೆ. ಲಾಭ, ಎರಡು, ಮೂರು,
ನೂರಾದ ಮೇಲೆ ಐದು ಕೊಸರು.
ಕೇಳಿದೆ. "ಕಾಲೇಜಿನವ್ರು ಬಂದಿದ್ರು ಒಂದ್ಸಲ,
ಕೈ ಹಿಡಿ ಅಂದ್ರು, ಹಿಡಿದೆ. ಅದಕ್ಕೇನೀಗ?"

ಮೂರನೇ ಪ್ರೂಫಿನಲ್ಲಿ ಕೆಂಪು ಪೆನ್ನು:
ಅಂಗೈ ಪ್ರಮಾಣವಲ್ಲ, ಸೆಂಟಿಮೀಟರ್ ಪಟ್ಟಿ ಬೇಕು.
ಪಟ್ಟಿ ಇಟ್ಟು ತೆಗೆದ ಫೋಟೋ ಮಾಸ್ತರ ಬಳಿ ಇರಲಿಲ್ಲ.
"ತೆಗೆದುಬಿಡಿ."
ನಾನು ಏನೂ ಅನ್ನಲಿಲ್ಲ. ಅನ್ನಬಹುದಿತ್ತು.
ನಾಲ್ಕು ಸಾಲು ಅಳಿಸಿ ಎರಡು ಸಲ ಓಡಿಸಿದೆ.
ಐದು ನಾಲ್ಕಾಯಿತು, ಆರು ಐದಾಯಿತು,
ಅಂಕೋಲೆ ಬಸ್ಸಲ್ಲಿ ಒಬ್ಬರು ಇಳಿದರೆ
ಉಳಿದವರು ಸರಿದು ಕೂರುವ ಹಾಗೆ.
ಅಲ್ಲೊಬ್ಬರಿದ್ದರೆಂದು ಮುಂದಿನ ಸ್ಟಾಪಿನಲ್ಲಿ ಹತ್ತಿದವರಿಗೆ ಹೇಗೆ ತಿಳಿಯಬೇಕು?
ಪುಸ್ತಕದೊಳಗಿನ ಇಪ್ಪತ್ತೆಂಟು 'ನೋಡಿ'ಗಳು
ತಾವೇ ತಿದ್ದಿಕೊಂಡವು.

ಒಂದು ಬಿಟ್ಟು.
ಪುಟ ಅರವತ್ತೊಂದು. ಅಲ್ಲಿ ನಾನು ಕೊಂಡಿ ಹಾಕಿರಲಿಲ್ಲ,
ಕರೆಂಟು ಹೋದೀತೆಂಬ ಆತುರದಲ್ಲಿ
ಕೈಯಾರೆ ಅಂಕಿ ಕುಟ್ಟಿದ್ದೆ.
ಯಂತ್ರಕ್ಕೆ ಅದು ನಂಬರಲ್ಲ, ಬರೀ ಅಕ್ಷರ.
ಕೊನೆಯ ರಾತ್ರಿ ಕಣ್ಣಿಗೆ ಬಿತ್ತು.
ಕರ್ಸರ್ ಅದರ ಪಕ್ಕ ಮಿಣುಕುತ್ತಲೇ ಇತ್ತು.
ಎದ್ದು ಶಟರ್ ಎಳೆದೆ.

ಮುನ್ನೂರು ಪ್ರತಿ ಹುಬ್ಬಳ್ಳಿಯಲ್ಲಿ ಅಚ್ಚಾಗಿ ಬಂದಿವೆ.
ಅರವತ್ತೊಂದರಲ್ಲಿ ಹಾಗೇ ಇದೆ:
ಪೂರ್ತಿ ಬೆಳೆದದ್ದು ಅಂಗೈಯ ಗುಳಿ ತುಂಬುತ್ತದೆ, ಚಿತ್ರ ೪ ನೋಡಿ.
ನೋಡಲು ಹೋದವರಿಗೆ ಸಿಗುವುದು
ಸದಾಶಿವಗಡದ ಕೆಳಗಿನ ನೀರಿನ ಉಪ್ಪಿನ ಗ್ರಾಫು.
ಮಾಸ್ತರು ಇನ್ನೂ ಆ ಪುಟಕ್ಕೆ ಬಂದಂತಿಲ್ಲ.

ಅವ್ವಿಗೊಂದು ಪ್ರತಿ ಕೊಟ್ಟೆ. ಕೈಯಲ್ಲಿ ತೂಗಿ ನೋಡಿದಳು.
ಆಮೇಲೆ ಬೆರಳಿಗೆ ಉಗುಳು ಹಚ್ಚಿ ಪುಟ ತಿರುವುತ್ತ
ಚಿತ್ರಗಳನ್ನು ಎಣಿಸಿದಳು: ಲಾಭ, ಎರಡು, ಮೂರು,
ಎಲ್ಲೂ ತಡೆಯದೆ
ಮೂವತ್ತಾರಕ್ಕೆ ನಿಂತಳು.
"ಕೊಸರು ಹಾಕ್ಲಿಲ್ಲೇನೋ ನಿಮ್ಮ ಮಾಸ್ತರು?"